ಗೋಡೆಯೊಳಗಿನ ಹಿಡಿ ಜೋಳ

ಎಪ್ಪತ್ತರ ದಶಕ. ಶಲವಡಿಯ ನಮ್ಮ ಹಿತ್ತಲಲ್ಲಿ ಗೋಬರ್ ಗ್ಯಾಸಿನ ಗುಂಡಿ ತಯಾರಾಯಿತು. ಪೈಪು ಅಡುಗೆಮನೆಗೆ ಬರಬೇಕೆಂದರೆ ಒಂದೇ ದಾರಿ, ಅತ್ತೆ ತಾವೇ ಮೆತ್ತಿ ಕಾಪಾಡಿಕೊಂಡು ಬಂದ ಗೋಡೆ. ಎರಡು ಮೊಳ ದಪ್ಪದ ಮಣ್ಣಿನ ಗೋಡೆ. ಅದರ ಬುಡದಲ್ಲೇ ನಮ್ಮ ಹಗೇವು, ವರ್ಷದ ಜೋಳವನ್ನೆಲ್ಲ ತುಂಬಿ ಮುಚ್ಚಿಡುವ ನೆಲದ ಗುಳಿ. ಗೋಡೆಗೆ ನೀರಿಳಿದರೆ ಹಗೇವಿಗೂ ಇಳಿದು ಜೋಳ ಕೊಳೆಯುತ್ತದೆ.

"ನನ್ನ ಗ್ವಾಡಿಗೆ ತೂತು ಹಾಕಿದ್ರ ನೋಡ್ರಿ ಮತ್ತ!" ಎಂದರು ಅತ್ತೆ.

ನನಗೆ ಸಿಟ್ಟು ನೆತ್ತಿಗೇರಿತು. ಮದುವೆಯಾದಾಗಿನಿಂದ ಹತ್ತಿಕಟ್ಟಿಗೆಯ ಹೊಗೆ ಕುಡಿದು ನನ್ನ ಕಣ್ಣು ಕೆಂಡದಂತಾಗಿದ್ದವು. "ಜ್ವಾಳದ ಮ್ಯಾಲಿನ ಮಾಯೆ ಸೊಸಿ ಕಣ್ಣಿನ ಮ್ಯಾಲ ಇಲ್ಲೇನ್ರಿ ಅತ್ತಿ?" ಎಂದುಬಿಟ್ಟೆ. ಅವರು ನನ್ನ ಗಲ್ಲ ಹಿಡಿದು, ಮುಖವನ್ನು ಬೆಳಕಿಗೆ ತಿರುಗಿಸಿ ಕಣ್ಣು ನೋಡಿದರು. ಆಮೇಲೆ ಮಗನನ್ನು ಕರೆದು, "ಗ್ವಾಡಿ ಕೊರಿಯಾಕ ಹಾರಿ ತಗೊಂಬಾ" ಎಂದರು.

ನಮ್ಮ ಮನೆಯವರೂ ಕಡಿಮೆಯಲ್ಲ. ತೂತನ್ನು ಹಿತ್ತಲ ಕಡೆ ಇಳಿಜಾರಾಗಿ ಕೊರೆದರು. ಪೈಪಿನೊಳಗೆ ಗ್ಯಾಸಿನ ಪಸೆ ನೀರಾದರೂ, ಮೇಲೆ ಮಳೆಹನಿ ಕೂತರೂ ಹೊರಗೇ ಹರಿದುಹೋಗಬೇಕು. ಸುತ್ತಲ ಸಂದಿಗೆ ಸಿಮೆಂಟು ತುಂಬಲು ಹೊರಟಾಗ ಮಾತ್ರ ಅತ್ತೆ ತಡೆದರು. "ಮಣ್ಣಿಗೆ ಮಣ್ಣ ಬೀಗರು." ಹೊಟ್ಟು ಸೇರಿಸಿ ತುಳಿದ ಮಣ್ಣನ್ನು ತಾವೇ ಮೆತ್ತಿದರು. ಅದು ಪೂರಾ ಒಣಗಿದ ಮೇಲೆ ಪೈಪಿನ ಪಕ್ಕ ಸಣ್ಣ ಕಿಂಡಿ ಕೊರೆದು, ಹಿಡಿ ಜೋಳವನ್ನು ಅರಿವೆಯಲ್ಲಿ ಕಟ್ಟಿ ಇಟ್ಟು, ಒಣ ಮಣ್ಣಿನ ಹೆಂಟೆಯಿಂದ ಮುಚ್ಚಿದರು.

"ಮಳಿಗಾಲ ಮುಗೀಲಿ. ಜ್ವಾಳ ಮೆತ್ತಗಾಗಿದ್ರ ಪೈಪ್ ಕಿತ್ತು ತಿಪ್ಪಿಗೆ ಒಗೀತೀನಿ. ಅಲ್ಲೀತನಕ ಒಲಿ ಕೆಡವಬ್ಯಾಡ."

ಆ ವರ್ಷ ಮಳೆ ಹಟ ಹಿಡಿದು ಹೊಡೆಯಿತು. ನೀಲಿ ಉರಿಯ ಮೇಲೆ ರೊಟ್ಟಿ ಬೇಯಿಸುತ್ತ ನನ್ನ ಕಣ್ಣು ತಿಳಿಯಾಗುತ್ತ ಬಂದವು. ಆದರೆ ಪಸೆ ಏರಿತೇನೋ ಎಂದು ದಿನಾ ಆ ಹೆಂಟೆಯನ್ನು ಮುಟ್ಟಿ ನೋಡುತ್ತಿದ್ದೆ. ಯಪ್ಪಾ, ಮತ್ತೆ ಆ ಹೊಗೆಯ ಮುಂದೆ ಕೂರಲಾರೆ!

ಮಳೆ ಬಿಟ್ಟ ಮೇಲೆ ಒಂದು ಬೆಳಿಗ್ಗೆ ಅತ್ತೆ ಕಿಂಡಿ ತೆರೆದು, ಗಂಟು ಬಿಚ್ಚಿ, ಒಂದು ಕಾಳನ್ನು ಬಾಯಿಗೆ ಹಾಕಿ ಕಡಿದರು. ಉಳಿದದ್ದೇ ನಾಕಾರು ಹಲ್ಲು. ಕಟಕ್ಕೆಂದಿತು. ಅಂಗೈಗೆ ಉಗುಳಿದರೆ, ಕಾಳು ಇಡಿಯಾಗಿತ್ತು. ಪಕ್ಕದಲ್ಲಿ ಒಂದು ಹಲ್ಲು!

ನಾನು ಹೌಹಾರಿದೆ. ಅವರು ಸೆರಗಿನಿಂದ ಬಾಯಿ ಒತ್ತಿಕೊಂಡು ನಗುತ್ತಿದ್ದರು. "ಹಲ್ಲು ಹೋತು, ಗ್ವಾಡಿ ಉಳೀತು ಬೇ! ಆ ಒಲಿ ಕೆಡವು. ಇವತ್ತ ನನಗ ರೊಟ್ಟಿ ಬ್ಯಾಡ, ಮೆತ್ತಗ ನುಚ್ಚು ಮಾಡು."

ಎಂಥ ಗಟ್ಟಿ ಹೆಂಗಸು! ಇಂಥ ಅತ್ತೆ ಸಿಗಲು ಪುಣ್ಯ ಮಾಡಿರಬೇಕು. ನುಚ್ಚು ಉಂಡು ಎದ್ದವರೇ, ಕೆಡವಿದ ಒಲೆಯ ಮಣ್ಣನ್ನು ಕಲಸಿ ಕಿಂಡಿ ಮುಚ್ಚಲು ಹೋದರು. ಮುಚ್ಚುವ ಮುಂಚೆ ಆ ಹಲ್ಲನ್ನು ಒಳಗಿಟ್ಟರು.

"ಇರಲಿ," ಎಂದರು. "ಗ್ವಾಡಿ ಕಾಯ್ತೈತಿ."