ಸಾಕಮ್ಮತ್ತೆ ಕಟ್ಟಿದ ಹಾಡು

ಮೊನ್ನೆ ಕೊಪ್ಪದ ಅಂಗಡಿಯೊಂದರಲ್ಲಿ ಮೊಮೊ ತಿನ್ನುತ್ತಿದ್ದಾಗ ಆ ಹಳೆಯ ಇಂಗ್ಲಿಷ್ ರಾಕ್ ಅಂಡ್ ರೋಲ್ ಹಾಡು ಕಿವಿಗೆ ಬಿತ್ತು. ಕೈಯಲ್ಲಿದ್ದ ತುತ್ತನ್ನು ತಟ್ಟೆಗಿಟ್ಟೆ. ಅದೇ ಗಿಟಾರು, ಇಳಿಜಾರಿನಲ್ಲಿ ಬ್ರೇಕಿಲ್ಲದ ಸೈಕಲ್ಲಿನಂಥ ಅದೇ ಓಟ. ಪಕ್ಕದ ಮೇಜಿನ ಹುಡುಗರು ಕಾಲು ಕುಣಿಸುತ್ತಿದ್ದರು. ನನಗೆ ಮಾತ್ರ ಗುರುಪುರದ ನಮ್ಮ ಮನೆಯಂಗಳ, ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನಿನ ಬಿಸಿ, ಅದರ ಬಾಗಿಲಲ್ಲಿ ಕಾಲು ಚಾಚಿ ಕೂತ ಸಾಕಮ್ಮತ್ತೆ ಎಲ್ಲ ಒಟ್ಟಿಗೆ ನೆನಪಾಯಿತು.

ಸಾಕಮ್ಮತ್ತೆ ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ನಮ್ಮ ಜೊತೆಯಲ್ಲೇ ಇದ್ದಳು. ಹಸಿ ಸೊಪ್ಪನ್ನು ದಾರದಿಂದ ಕೋಲಿಗೆ ಕಟ್ಟುತ್ತ ಹಾಡನ್ನೂ ಕಟ್ಟುತ್ತಿದ್ದಳು. ಎಲೆಯ ಅಂಟಿಗೆ ಬೆರಳೆಲ್ಲ ಕಪ್ಪು, ಬಾಯಲ್ಲಿ ‘ಹಸುರಾಗಿ ಹೋದೋಳೇ, ಹೊನ್ನಾಗಿ ಬಾರೇ’ ಎಂಬ ಪಲ್ಲವಿ. ಬ್ಯಾರನ್ನಿಗೆ ಹಸಿರಾಗಿ ಹೋಗಿ ಹಳದಿಯಾಗಿ ಬರುವ ಎಲೆಗೆ, ಗಂಡನ ಮನೆಗೆ ಹೊರಟ ಮಗಳಿಗೆ ಹೇಳುವ ಹಾಗೆ ಹೇಳುತ್ತಿದ್ದಳು. ದಿನಕ್ಕೊಂದು ಹೊಸ ನುಡಿ ಹುಟ್ಟುತ್ತಿತ್ತು. ಬರೆದಿಡಲು ಅವಳಿಗೆ ಅಕ್ಷರ ಬರಬೇಕಲ್ಲ!

ಪಕ್ಕದ ಟಿಬೆಟನ್ ಕ್ಯಾಂಪಿನ ತೆನ್ಜಿನಣ್ಣ ಗಿಟಾರು ಬಾರಿಸುವವನು. ಒಂದು ಮಧ್ಯಾಹ್ನ ಟೇಪ್‌ರೆಕಾರ್ಡರ್ ತಂದು ಆ ಇಂಗ್ಲಿಷ್ ಹಾಡನ್ನು ಎರಡು ಸಲ ಕೇಳಿಸಿದ. ಮೊದಲು ಗಂಡಸೊಬ್ಬ ಹಾಡಿದ್ದು, ಆಮೇಲೆ ಹೆಂಗಸೊಬ್ಬಳು. ಅವಳ ದನಿ ನಿಧಾನ, ಗಡಸು, ಸೊಂಟಕ್ಕೆ ಕೈಯಿಟ್ಟು ಬಯ್ಯುವಂಥದು. “ಮೊದ್ಲು ಹಾಡಿದ್ದು ಈಯಮ್ಮ, ಅಕ್ಕಾ. ದೊಡ್ಡ ಹೆಸರು ಬಂದಿದ್ದು ಅವನಿಗೆ” ಎಂದ. ಅತ್ತೆಯ ಕೈ ನಿಂತಿತು. “ಅಯ್ಯೋ ಶಿವ್ನೇ! ಇದು ಆಯಮ್ಮಂದು ಅಂತ ಒಂದ್ ಮಾತ್ ಏಳಿದ್ರೆ ಯಾರ್ ಗಂಟೇನ್ ಓಗ್ತಿತ್ಲಾ?” ಎಂದಳು. ಕಂಡಿರದ ಆ ಹೆಂಗಸಿಗಾಗಿ ಅವಳಿಗೆ ನಿಜಕ್ಕೂ ಹೊಟ್ಟೆ ಉರಿದಿತ್ತು.

ಆ ವರ್ಷ ಶಾಲೆಯ ವಾರ್ಷಿಕೋತ್ಸವದಲ್ಲಿ ತೆನ್ಜಿನಣ್ಣನ ಗಿಟಾರಿನ ಜೊತೆ ನಾನು ಅತ್ತೆಯ ಹಾಡನ್ನೇ ಆ ಓಟಕ್ಕೆ ಹೊಂದಿಸಿ ಹಾಡಿದೆ. ಚಪ್ಪಾಳೆಯೋ ಚಪ್ಪಾಳೆ. ಹೆಡ್‌ಮಾಸ್ಟರು ಮೈಕು ಹಿಡಿದು, “ಯಾರಮ್ಮ ಕಟ್ಟಿದ್ದು ಈ ಹಾಡು?” ಎಂದು ಕೇಳಿದರು. ಅತ್ತೆ ಮುಂದಿನ ಸಾಲಿನಲ್ಲೇ ಇದ್ದಳು, ಕಪ್ಪು ಕೈಗಳನ್ನು ಹೊಸ ಸೀರೆಯ ಸೆರಗಿನಲ್ಲಿ ಮುಚ್ಚಿಕೊಂಡು, ಮುಖವೆಲ್ಲ ನಗುವಾಗಿ. ನನಗೆ ಅದೇನು ಬಡಿದಿತ್ತೋ! ಆ ಕೈಗಳನ್ನು ಎಲ್ಲರೂ ತಿರುಗಿ ನೋಡುತ್ತಾರೆಂದು ನಾಚಿಕೆಯಾಯಿತು. “ನಾನೇ ಸಾರ್” ಎಂದುಬಿಟ್ಟೆ.

ಅತ್ತೆ ಬಯ್ಯಲಿಲ್ಲ. “ಚೆಂದಾಗ್ ಆಡ್ದೆ ಕಣವ್ವ” ಎಂದು ನನ್ನ ತಲೆ ಸವರಿದಳು. ಎರಡೇಟು ಹಾಕಿದ್ದರೆ ಅತ್ತು ಹಗುರಾಗುತ್ತಿದ್ದೆ. ಮಾರನೆಯ ದಿನ ಅವಳು ಸೊಪ್ಪು ಕಟ್ಟುತ್ತ ಹಾಡುತ್ತಿದ್ದಾಗ ಹೋಗಿ ಪಕ್ಕದಲ್ಲಿ ಕೂತೆ. ಹಾಡು ನಿಂತಿತು. “ಆಡು ಅತ್ತೆ, ಯಾಕ್ ನಿಲ್ಲುಸ್ದೆ?” ಎಂದೆ. “ಅದು ನಿನ್ ಆಡು ಅಲ್ವಾ ಮಗ, ನೀನೇ ಆಡು” ಎಂದಳು. ದನಿಯಲ್ಲಿ ಕೋಪವಿರಲಿಲ್ಲ. ಆಮೇಲೆ ಎಷ್ಟೋ ವರ್ಷ ಬದುಕಿದ್ದಳು, ನನ್ನೆದುರು ಮಾತ್ರ ಮತ್ತೆ ಹಾಡಲಿಲ್ಲ.

ಈಗ ಅತ್ತೆಯಿಲ್ಲ. ಆ ಮನೆ ಇದ್ದ ಜಾಗದಲ್ಲಿ ಜೋಳ ಬೆಳೆದಿದೆ. ನಿಮ್ಮ ಮನೆಯಲ್ಲೂ ಹೀಗೆ ಹಾಡಿಕೊಳ್ಳುವವರು ಒಬ್ಬರು ಇದ್ದೇ ಇರುತ್ತಾರೆ. ಈಗ ನಾನು ಹೋದಲ್ಲೆಲ್ಲ ಆ ಹಾಡನ್ನು, ಇದು ನಮ್ಮ ಸಾಕಮ್ಮತ್ತೆಯದು ಎಂದು ಹೇಳಿಯೇ ಹಾಡುತ್ತೇನೆ. ಕೇಳಿದವರು ಮುಂದಿನದನ್ನೂ ಹಾಡಿ ಅನ್ನುತ್ತಾರೆ. ನನಗೆ ಬರುವುದು ಅವತ್ತು ವೇದಿಕೆಯ ಮೇಲೆ ಹಾಡಿದ ಎರಡು ನುಡಿ, ಅಷ್ಟೇ.