ಹೂಮಾಲೆ ನುಂಗಿದ ಗಾಳಿಚಕ್ರ

ತಾಳಿ, ಪುಟ ತಿರುವಬೇಡಿ. ಮೈಸೂರಿನಲ್ಲಿ ಹಡಗಿನ ಇಂಜಿನ್ನು ಹೂಮಾಲೆ ತಿಂದ ಕಥೆ ಇನ್ನೇನು ಬಂತು. ಅದಕ್ಕೆ ಮೊದಲು ಅದರ ಗಾಳಿಚಕ್ರದ ವಿಷಯ ಎರಡು ಮಾತು.

ಮಂಡಿ ಮಾರುಕಟ್ಟೆಯ ಹತ್ತಿರ ನಾನು ಕೆಲಸಕ್ಕಿದ್ದ ಎಣ್ಣೆ ಗಿರಣಿಗೆ ಯಜಮಾನರು ಬೊಂಬಾಯಿಯಿಂದ ಹಳೆಯ ಹಡಗಿನ ಡೀಸೆಲ್ ಇಂಜಿನ್ನು ತರಿಸಿದ್ದರು. ಅದರ ನೆತ್ತಿಯ ಮೇಲೆ ಬಸವನಹುಳುವಿನ ಚಿಪ್ಪಿನಂಥ ಪೆಟ್ಟಿಗೆ. ಇಂಜಿನ್ನು ಉಗುಳುವ ಹೊಗೆಯೇ ಅದರೊಳಗಿನ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಎಳೆದು ಇಂಜಿನ್ನಿಗೆ ಒತ್ತಿ ತುಂಬುತ್ತದೆ. ಇದೇ ಗಾಳಿಚಕ್ರ. ಬಿಸಾಡಿದ ಹೊಗೆಯಿಂದ ಬಲ! ನನಗೆ ಹುಚ್ಚು ಹಿಡಿದದ್ದು ಅಲ್ಲೇ. ಯಾರೂ ಕಲಿಸಲಿಲ್ಲ, ಬಿಚ್ಚಿ, ಜೋಡಿಸಿ, ಬೈಸಿಕೊಂಡು ಕಲಿತೆ.

ಆ ವರ್ಷ ದಸರಾ ಹೊತ್ತಿಗೆ ಇಂಜಿನ್ನು ಕರಿಹೊಗೆ ಕಾರುತ್ತಿತ್ತು.

"ನೀನೇ ನೋಡು. ಹಬ್ಬ ಕಳೆದ್ಮೇಲೆ ಸರಿಯಾಗಿ ಓಡಿದ್ರೆ ಇಂಜಿನ್ನು ನಿನ್ ಕೈಗೇ ಬುಡ್ತೀನಿ," ಎಂದರು ಯಜಮಾನರು. ನನಗೆ ಬೇಕಿದ್ದದ್ದೂ ಅಷ್ಟೇ.

ಪೆಟ್ಟಿಗೆ ಬಿಚ್ಚಿದೆ. ಚಕ್ರದ ರೆಕ್ಕೆಗಳ ಮೇಲೆ ಮಸಿ ಕಲ್ಲಾಗಿತ್ತು. ಕಬ್ಬಿಣ ತಾಗಿಸದೆ, ಸೀಮೆಎಣ್ಣೆಯಲ್ಲಿ ನೆನೆಸಿ, ಬಿದಿರಿನ ಚಕ್ಕೆಯಿಂದ ಕೆರೆದೆ. ಒಂದು ರೆಕ್ಕೆಯಲ್ಲಿ ಮಸಿ ಉಳಿದರೂ ತೂಕ ಓರೆಯಾಗಿ ಬೇರಿಂಗು ಸವೆಯುತ್ತದೆ. ಹೊಸ ಎಣ್ಣೆ ಹಾಕಿ ಬೆರಳಲ್ಲಿ ತಳ್ಳಿದರೆ, ಆಹಾ, ಸದ್ದೇ ಇಲ್ಲದೆ ತಿರುಗುತ್ತಲೇ ಇತ್ತು.

ಆಯುಧಪೂಜೆಯ ಬೆಳಿಗ್ಗೆ ಗಿರಣಿಯ ಮೇಸ್ತ್ರಿ ಗಾಳಿ ಒಳಹೋಗುವ ಬಾಯಿಗೆ ಕಸ ತಡೆಯಲು ಹಾಕಿದ್ದ ಹಿತ್ತಾಳೆ ಜರಡಿಯನ್ನು ಹುಣಿಸೆಹಣ್ಣು ಹಾಕಿ ಉಜ್ಜಲೆಂದು ಬಿಚ್ಚಿಕೊಂಡು ಹೋದ. ಅದು ಫಳಫಳ ಹೊಳೆಯುತ್ತ ದೇವರ ಪಟದ ಮುಂದೆ ಕೂತಿತು. ಬರಿದಾದ ಬಾಯಿಗೆ ಸೇವಂತಿಗೆ ಮಾಲೆ. ಜಾರದಂತೆ ತಂತಿಯ ಕಟ್ಟು.

"ಜರಡಿ ಕೊಡಿ ಮೇಸ್ತ್ರಿ, ಹಾಕ್ಬುಡ್ತೀನಿ."

"ಪೂಜೆಗಿಟ್ಟಿದ್ದನ್ನ ಮುಟ್ಟಬಾರ್ದು ಕಣೋ. ದಶಮಿ ಕಳೀಲಿ."

ದಶಮಿಯ ದಿನ ಯಜಮಾನರು ಹಣೆ ತುಂಬ ವಿಭೂತಿ ಬಳಿದುಕೊಂಡು, ನೆಂಟರನ್ನೆಲ್ಲ ಕಟ್ಟಿಕೊಂಡು ಚಾಲೂ ಮಾಡಲು ಬಂದರು.

"ಮಾಲೆ ತೆಗೆಸಿ ಬುದ್ಧಿ, ಒಳಕ್ಕೆ ಎಳ್ಕೊಳ್ಳುತ್ತೆ," ಎಂದೆ.

"ಒಳ್ಳೇ ಗಳಿಗೇಲಿ ಹೂವು ಕೀಳು ಅಂತೀಯಲ್ಲೋ! ಇಂಜಿನ್ನಿಗೆ ಮುಡಿಸಿದ್ರೆ ನಿಂಗ್ಯಾಕೋ ಹೊಟ್ಟೆಯುರಿ?"

ಮೇಸ್ತ್ರಿ ಸೇರಿಸಿದ: "ಹಡಗಿಂದಲ್ವಾ ಬುದ್ಧಿ, ಮೀನು ತಿಂದು ಬೇಜಾರಾಗಿರುತ್ತೆ. ಹೂವು ತಿನ್ಲಿ ಬುಡಿ."

ಎಲ್ಲರೂ ನಕ್ಕರು. ಇಂಜಿನ್ನು ಹತ್ತಿತು, ಗಾಳಿಚಕ್ರದ ಸಿಳ್ಳು ಏರಿತು. ಮಾಲೆ ನಡುಗಿತು, ಒಂದು ಹೂವು ಹೋಯಿತು, ಆಮೇಲೆ ತಂತಿ ಸಮೇತ ಇಡೀ ಮಾಲೆ. ಕರ್ರ್ ಎಂದು ಕಿರುಚಿ ಚಕ್ರ ನಿಂತೇಹೋಯಿತು.

ಬಿಚ್ಚಿದೆ. ರೆಕ್ಕೆಗಳು ಮಡಚಿಕೊಂಡಿದ್ದವು, ತಂತಿ ಅಚ್ಚಿಗೆ ಸುತ್ತಿಕೊಂಡಿತ್ತು. ಅದನ್ನು ಎತ್ತಿ ತೋರಿಸಿದರೂ ಯಜಮಾನರು ನೋಡಲಿಲ್ಲ.

"ಇಷ್ಟು ವರ್ಷ ಓಡ್ತಿತ್ತು. ನೀನ್ ಬಿಚ್ಚಿದ್ದೇ ಬಿಚ್ಚಿದ್ದು, ಕೆಟ್ಟೋಯ್ತು. ಇನ್ ಈ ಹೊಸ್ತಿಲು ತುಳೀಬೇಡ."

ಮೇಸ್ತ್ರಿ ಕೈ ಒರೆಸಿಕೊಳ್ಳುತ್ತ ನಿಂತಿದ್ದ. ಜರಡಿ ಬಿಚ್ಚಿದ್ದು ತಾನೆಂದು ಒಂದು ಮಾತು, ಒಂದೇ ಮಾತು ಆಡಬಹುದಿತ್ತು.

ಗಾಳಿಚಕ್ರವನ್ನು ಕಳಚಿ ಮೂಲೆಗೆ ಹಾಕಿದರು. ಇಂಜಿನ್ನು ಅರ್ಧ ಬಲದಲ್ಲಿ ಕೆಮ್ಮುತ್ತ ಓಡಿತು. ಮುಂದಿನ ಆಯುಧಪೂಜೆಗೆ ಬೀದಿಯಿಂದಲೇ ಇಣುಕಿದೆ. ಸತ್ತ ಪೆಟ್ಟಿಗೆಗೂ ಕುಂಕುಮ, ಮಾಲೆ. ಹಿತ್ತಾಳೆ ಜರಡಿ ಮಾತ್ರ ಈ ಸಲ ಅದರ ಬಾಯಲ್ಲೇ ಭದ್ರವಾಗಿ ಕೂತಿತ್ತು.

ಕೆಡಿಸಿದವರು ಒಬ್ಬರು, ಹೊರಬಿದ್ದವರು ನೀವು, ಹೀಗೆ ಆಗಿದ್ದರೆ ದಯವಿಟ್ಟು ಬರೆದು ತಿಳಿಸಿ. ಇದು ನನ್ನೊಬ್ಬನಿಗೇ ಆಯಿತೆಂದು ನಂಬಲು ಮನಸ್ಸಾಗುತ್ತಿಲ್ಲ.