ಮರಳ ದಿಬ್ಬಕ್ಕೆ ನೆಟ್ಟ ಕೆಂಪು ಕೋಲುಗಳು

ಕೊರೋನಾ ಕಳೆದ ಮರುವರ್ಷ ನಾನು ಮಂಗಳೂರಿನ ಕರಾವಳಿ ಅಧ್ಯಯನ ಕಚೇರಿಯೊಂದರಲ್ಲಿ ಭೂವಿಜ್ಞಾನಿಯಾಗಿದ್ದೆ. ಪಣಂಬೂರಿನಿಂದ ಉತ್ತರಕ್ಕಿರುವ ಮರಳ ದಿಬ್ಬಗಳ ಆರೋಗ್ಯ ನೋಡಿಕೊಳ್ಳುವುದು ನನ್ನ ಕೆಲಸ. ಆರೋಗ್ಯವೆಂದರೆ, ದಿಬ್ಬ ಬೆಳೆಯುತ್ತಿದೆಯೋ ಕರಗುತ್ತಿದೆಯೋ, ಮರಳನ್ನು ಹಿಡಿದಿಡುವ ಅಡುಂಬು ಬಳ್ಳಿ ಹಬ್ಬಿದೆಯೋ ಸತ್ತಿದೆಯೋ ಎಂಬುದು. ಕೆಂಪು ಬಣ್ಣ ಬಳಿದ ಕಬ್ಬಿಣದ ಕೋಲುಗಳನ್ನು ನೆಟ್ಟು, ತಿಂಗಳಿಗೊಮ್ಮೆ ಮರಳಿನ ಮಟ್ಟ ಅಳೆಯುತ್ತಿದ್ದೆವು.

ಒಂದು ದಿಬ್ಬದ ಬೆನ್ನಿಗೇ ಮೀನುಗಾರ ದಾಮೋದರಣ್ಣನ ಮನೆ. ಹಿಂದೆ ಬಂದರು ಕಟ್ಟುವಾಗ ಅವರ ಅಜ್ಜನ ಅಂಗಳದಲ್ಲಿ ಹೀಗೆಯೇ ಗುರುತು ನೆಟ್ಟು, ಆಮೇಲೆ ಕುಟುಂಬವನ್ನೇ ಕಡಲಿನಿಂದ ದೂರದ ಕಾಟಿಪಳ್ಳಕ್ಕೆ ಸಾಗಿಸಿದ್ದರಂತೆ. ದಾಮೋದರಣ್ಣನ ಅಪ್ಪ ಮತ್ತೆ ಕಡಲ ಬದಿಗೆ ಬಂದು ಕಟ್ಟಿದ ಮನೆಯಿದು. ಇದು ಜಾಗ ಕಿತ್ತುಕೊಳ್ಳುವ ಸರ್ವೆಯಲ್ಲ, ದಿಬ್ಬ ಉಳಿದರೆ ನಿಮ್ಮ ಮನೆಯೂ ಉಳಿಯುತ್ತದೆ ಎಂದು ಎಷ್ಟು ಹೇಳಿದರೂ ಅವರು ನಂಬಲಿಲ್ಲ.

ಮೇ ತಿಂಗಳ ಅಳತೆಗೆ ಹೋದಾಗ ಕೋಲೊಂದನ್ನು ಕಿತ್ತು ನನ್ನ ಮೇಲೆಯೇ ಬೀಸಿದರು. ಕೈಯ ಮೂಳೆ ಮುರಿದ ಸದ್ದು ನನಗೇ ಕೇಳಿಸಿತು. ಎರಡನೆಯ ಏಟಿಗೆ ಮಟ್ಟ ಅಳೆಯುವ ಲೆವೆಲ್ ಯಂತ್ರ ಪುಡಿಯಾಯಿತು. ಅವರ ಹೆಂಡತಿ ಸುನಂದಕ್ಕ ಓಡಿಬಂದು ಅವರನ್ನು ತಬ್ಬಿ ಹಿಡಿಯದಿದ್ದರೆ ಮುಂದಿನದು ನನ್ನ ತಲೆಗೆ ಬೀಳುತ್ತಿತ್ತು. ಪೊಲೀಸರಿಗೆ ದೂರು ಕೊಟ್ಟೆ. ಯಾಕೆ ಕೊಡಬಾರದು?

ಜಾಮೀನಿನ ಮೇಲೆ ಹೊರಬಂದ ದಾಮೋದರಣ್ಣ ನೇರವಾಗಿ ಜೆಸಿಬಿ ತರಿಸಿದರು. ಸುನಂದಕ್ಕ ಅಳುತ್ತಾ ಫೋನ್ ಮಾಡಿದರು. "ದಿಬ್ಬ ಇದ್ರೆ ಅಲ್ವಾ ಅವರು ಅಳೆಯುದು, ದಿಬ್ಬವೇ ಬೇಡ ಅಂತ ಪೂರಾ ತೆಗೆಸಿಬಿಟ್ರು ಮೇಡಂ."

ಕೂಡಲೇ ಮರಳ ಚೀಲ ಇಡಿಸಿ ಎಂದು ಕಚೇರಿಗೆ ಹೇಳಿದೆ. ಅದಕ್ಕೆ ಮೊದಲೇ ಮಳೆಗಾಲ ಬಂತು. ದಿಬ್ಬ ತೆಗೆದಲ್ಲಿ ಬಿದ್ದ ಬಾಯಿಯಿಂದಲೇ ಕಡಲು ಒಳನುಗ್ಗಿತು. ಅಕ್ಕಪಕ್ಕದ ದಿಬ್ಬಗಳು ಅಲೆಯ ಹೊಡೆತಕ್ಕೆ ಅರ್ಧ ಕುಸಿದರೂ ಹಿಂದಿನ ಮನೆಗಳನ್ನು ಉಳಿಸಿದವು. ನಾನು ತಲುಪುವಾಗ ದಾಮೋದರಣ್ಣನ ಅಡುಗೆಕೋಣೆ ಹೋಗಿತ್ತು. ನೋಡುತ್ತಿದ್ದಂತೆ ಗೋಡೆ ಬಿರಿದು, ಹಂಚಿನ ಮಾಡು ಸಮೇತ ಮನೆ ನೀರಿಗೆ ಮಗುಚಿತು. ಅನುಭವಿಸಲಿ ಎಂದೇ ನನಗೆ ಮೊದಲು ಅನ್ನಿಸಿದ್ದು.

ಸೊಂಟದವರೆಗೆ ಒದ್ದೆಯಾಗಿ ನಿಂತಿದ್ದ ಅವರು ನನ್ನ ಪ್ಲಾಸ್ಟರ್ ಹಾಕಿದ ಕೈಯನ್ನೇ ನೋಡಿದರು. "ನಿಮ್ಮನ್ನು ಹೊಡೆದು ಓಡಿಸಿದೆ ಮೇಡಂ. ಈ ಕಡಲಿಗೆ ಎಂತದ್ರಲ್ಲಿ ಹೊಡೆಯುದು?"

ನನ್ನ ಸಿಟ್ಟು ಅಲ್ಲಿಗೇ ಇಳಿದುಹೋಯಿತು. ದೂರನ್ನೂ ಮುಂದುವರಿಸಲಿಲ್ಲ.

ಈಗ ಹೊಸ ಕಡೆ ಹೋದರೆ ಕೋಲುಗಳನ್ನು ಕೂಡಲೇ ಜೀಪಿನಿಂದ ಇಳಿಸುವುದಿಲ್ಲ. ಮೊದಲು ಅಲ್ಲಿನವರ ಜಗಲಿಯಲ್ಲಿ ಕೂರುತ್ತೇನೆ, ಅವರ ಹೆದರಿಕೆ ಏನೆಂದು ಕೇಳುತ್ತೇನೆ. ಅವರು ಬೇಡವೆಂದರೆ ಹಾಗೆಯೇ ಹಿಂದಿರುಗುತ್ತೇನೆ. ವರದಿಯಲ್ಲಿ ಒಂದು ಜಾಗ ಖಾಲಿ ಬಿದ್ದರೆ ಬೀಳಲಿ. ಅಳೆಯದಿದ್ದರೂ ದಿಬ್ಬ ಅಲ್ಲೇ ಇರುತ್ತದಲ್ಲ.